ಮಿದುಳಿನಲ್ಲಿ ಉಳಿದ ನೂಲು

ಶಸ್ತ್ರವೈದ್ಯನು ರೋಗಿಯ ಒಡಲೊಳಗೆ ಕತ್ತರಿಯನ್ನೋ ಬಟ್ಟೆಯನ್ನೋ ಮರೆತು ಹೊಲಿದುಬಿಟ್ಟನೆಂಬ ವಾರ್ತೆ ಆಗಾಗ ಪತ್ರಿಕೆಗಳಲ್ಲಿ ದಪ್ಪಕ್ಷರಗಳಿಂದ ಅಚ್ಚಾಗುವುದುಂಟು. ಓದುಗರು ಅದನ್ನು ಓದಿ, ವೈದ್ಯನ ಅಜಾಗರೂಕತೆಗೆ ಕೆರಳಿ, ನ್ಯಾಯಾಲಯವು ಕೊಡಿಸಿದ ಪರಿಹಾರಧನ ಸಾಲದೆಂದು ತಮ್ಮಷ್ಟಕ್ಕೆ ತಾವೇ ತೀರ್ಪಿತ್ತು ಪುಟ ತಿರುವುವುದೂ ಉಂಟು. ಆ ಕೋಪವು ಅನುಚಿತವೆಂದು ನಾನು ಹೇಳಲಾರೆ. ಆದರೆ ಆ ಗದ್ದಲದ ನಡುವೆ, ಅದಕ್ಕೆ ಹತ್ತಿರದ ಬಂಧುವಾದರೂ ಸ್ವಭಾವದಲ್ಲಿ ತೀರ ಭಿನ್ನವಾದ ಮತ್ತೊಂದು ಸಂಗತಿಯು ನಮ್ಮ ಗಮನಕ್ಕೆ ಬಾರದೆ ಉಳಿದಿದೆ. ಮಿದುಳಿನ ರಕ್ತಸ್ರಾವವನ್ನು ನಿಲ್ಲಿಸಿ ಪ್ರಾಣವನ್ನು ಉಳಿಸುವ ಸಲುವಾಗಿ ವೈದ್ಯನು ತಿಳಿದೂ ತಿಳಿದೂ ಇರಿಸಿಬಂದ ವಸ್ತುವಿನ ಚೂರು, ಇಲ್ಲವೆ ಅವನ ಕಣ್ಣಿಗೆ ಬೀಳದೆ ಹಿಂದುಳಿದ ಹತ್ತಿಯ ಎಳೆಯೊಂದು, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ತನ್ನ ಸುತ್ತ ಉರಿಯೂತದ ಗಂಟೊಂದನ್ನು ಬೆಳೆಸಿಕೊಂಡು, ಕಿತ್ತು ತೆಗೆದ ಗೆಡ್ಡೆಯೇ ಮರಳಿ ಬಂದಿತೆಂಬ ಭೀತಿಯನ್ನು ರೋಗಿಯಲ್ಲಿಯೂ ವೈದ್ಯನಲ್ಲಿಯೂ ಏಕಕಾಲಕ್ಕೆ ಹುಟ್ಟಿಸುವ ಸಂಗತಿ ಅದು.

ನಡೆಯುವ ಬಗೆ ಹೀಗೆ. ಮಿದುಳಿನ ಗೆಡ್ಡೆಯನ್ನು ತೆಗೆಸಿಕೊಂಡವನು ಚೇತರಿಸಿಕೊಂಡು ಮನೆಗೆ ಮರಳಿರುತ್ತಾನೆ. ವಾಡಿಕೆಯಂತೆ ಕೆಲವು ತಿಂಗಳ ತರುವಾಯ ಎಂ.ಆರ್.ಐ. ತೆಗೆದಾಗ, ಗೆಡ್ಡೆಯಿದ್ದ ಕುಳಿಯ ಅಂಚಿನಲ್ಲಿ ಬಣ್ಣದೌಷಧವನ್ನು ಹೀರಿ ಬೆಳಗುವ ಒಂದು ಉಂಗುರವೂ, ಅದರ ಸುತ್ತ ಮಿದುಳು ನೀರುಗೊಂಡು ಬಾತಿರುವುದೂ ತೋರುತ್ತವೆ. ಕೆಲವರಿಗೆ ತಲೆನೋವು, ಮೂರ್ಛೆ, ಕೈಕಾಲುಗಳ ದೌರ್ಬಲ್ಯಗಳು ಬಂದಿರಬಹುದು. ಕೆಲವರಿಗೆ ಏನೂ ಆಗದೆ ಚಿತ್ರದಲ್ಲಿ ಮಾತ್ರ ಅದು ಕಾಣಬಹುದು. ಗೆಡ್ಡೆಯು ಮರುಕಳಿಸಿತೆಂದು ಬಗೆದು ತಲೆಬುರುಡೆಯನ್ನು ಎರಡನೆಯ ಬಾರಿ ತೆರೆದು, ಸಿಕ್ಕಿದ ಗಂಟನ್ನು ರೋಗಲಕ್ಷಣಶಾಸ್ತ್ರಜ್ಞನ ಮೇಜಿಗೆ ಕಳುಹಿಸಿದರೆ, ಅವನ ಸೂಕ್ಷ್ಮದರ್ಶಕದಲ್ಲಿ ಅರ್ಬುದದ ಒಂದು ಜೀವಕೋಶವೂ ಕಾಣದೆ, ಯಾವುದೋ ಹೊರಗಿನ ವಸ್ತುವನ್ನು ಮುತ್ತಿಕೊಂಡ ದೈತ್ಯಕೋಶಗಳ ದಂಡು ಕಾಣುತ್ತದೆ. 2001ರಲ್ಲಿ ನ್ಯೂಯಾರ್ಕಿನ ನರಶಸ್ತ್ರವೈದ್ಯ ಕಾರ್ಲ್ ಕೋಥ್‌ಬಾವರ್ ಮತ್ತು ಅವರ ಸಂಗಡಿಗರು ಇಂತಹ ಮೂರು ಪ್ರಸಂಗಗಳನ್ನು ಒಟ್ಟಿಗೆ ವರದಿಮಾಡಿದರು. ಅಲ್ಲಿ ಗೆಡ್ಡೆಯ ಪುನರಾಗಮನವೆಂದು ತೋರಿದುದು ರಕ್ತವನ್ನು ನಿಲ್ಲಿಸಲು ಬಳಸಿದ ಪದಾರ್ಥಕ್ಕೆ ದೇಹವು ತೋರಿದ ಪ್ರತಿಕ್ರಿಯೆಯಾಗಿತ್ತು. ಇಂತಹ ಗಂಟಿಗೆ ವೈದ್ಯರು ಟೆಕ್ಸ್‌ಟೈಲೋಮಾ, ಗಾಸಿಪಿಬೋಮಾ, ಗಾಜೋಮಾ ಎಂದು ಬಗೆಬಗೆಯ ಹೆಸರುಗಳನ್ನು ಇಟ್ಟಿದ್ದಾರೆ. ಹೆಸರುಗಳೆಲ್ಲ ಗೆಡ್ಡೆಯ ಹೆಸರಿನಂತೆಯೇ ಮುಗಿಯುವುದರಿಂದ ಕೇಳಿದವರ ಭಯವು ಇಮ್ಮಡಿಯಾಗುವುದಷ್ಟೆ ಅವುಗಳ ಪ್ರಯೋಜನವೆಂದು ಒಮ್ಮೊಮ್ಮೆ ನನಗೆ ತೋರುವುದುಂಟು.

ಮೊದಲಾಗಿ ಕೇಳಬೇಕಾದ ಪ್ರಶ್ನೆಯೆಂದರೆ, ಹೊರಗಿನ ವಸ್ತುವನ್ನು ಮಿದುಳಿನಲ್ಲಿ ಬಿಟ್ಟುಬರುವ ಅಗತ್ಯವಾದರೂ ಏನು ಎಂಬುದು. ಕಾಲಿನಲ್ಲಿಯೋ ಹೊಟ್ಟೆಯಲ್ಲಿಯೋ ರಕ್ತನಾಳವು ಹರಿದರೆ ಅದನ್ನು ಇಕ್ಕಳದಿಂದ ಹಿಡಿದು ದಾರದಿಂದ ಬಿಗಿಯಬಹುದು. ಬಟ್ಟೆಯ ಉಂಡೆಯನ್ನಿಟ್ಟು ಅಂಗೈಯಿಂದ ಬಲವಾಗಿ ಅದುಮಬಹುದು. ಗಟ್ಟಿ ಮೊಸರಿನಂತೆ ಮೆತ್ತಗಿರುವ ಮಿದುಳಿನಲ್ಲಿ ಈ ಎರಡೂ ಉಪಾಯಗಳು ನಡೆಯವು. ಅಲ್ಲಿನ ನಾಳಗಳು ಕೂದಲಿನಷ್ಟು ಸಣ್ಣವು. ಒತ್ತಿದರೆ ಒತ್ತಿದ ಎಡೆಯೇ ನಾಶವಾದೀತು. ಆ ಎಡೆಯು ಮಾತಿಗೋ ದೃಷ್ಟಿಗೋ ಬಲಗೈಯ ಚಲನೆಗೋ ಆಧಾರವಾಗಿದ್ದರೆ ರೋಗಿಯು ಬದುಕಿಯೂ ಆ ಶಕ್ತಿಯನ್ನು ಕಳೆದುಕೊಂಡಾನು. ದೇಹದ ತೂಕದಲ್ಲಿ ನೂರಕ್ಕೆ 2ರಷ್ಟು ಮಾತ್ರವಿರುವ ಈ ಅಂಗವು ಹೃದಯವು ನೂಕುವ ರಕ್ತದಲ್ಲಿ ನೂರಕ್ಕೆ ಸುಮಾರು 15ರಷ್ಟನ್ನು ತನ್ನ ಪಾಲಾಗಿ ಪಡೆಯುತ್ತದೆ. ಎಲುಬಿನ ಚಿಪ್ಪಿನೊಳಗೆ ಇಷ್ಟೊಂದು ರಕ್ತವು ಹರಿದಾಡುವಾಗ, ಶಸ್ತ್ರಕ್ರಿಯೆಯ ಬಳಿಕ ಒಂದು ಸಣ್ಣ ಜಿನುಗು ಉಳಿದರೂ, ಹೆಪ್ಪುಗಟ್ಟಿದ ರಕ್ತಕ್ಕೆ ಹೊರಹೋಗುವ ದಾರಿಯಿಲ್ಲದೆ ಅದು ಮಿದುಳನ್ನೇ ಅದುಮಿ ಪ್ರಾಣಾಪಾಯವನ್ನು ತರಬಲ್ಲುದು. ಆದುದರಿಂದ ನರಶಸ್ತ್ರವಿದ್ಯೆಯ ಚರಿತ್ರೆಯ ಬಹುಭಾಗವು ರಕ್ತವನ್ನು ನಿಲ್ಲಿಸಿದ ಚರಿತ್ರೆಯೇ ಆಗಿದೆ.

1892ರಲ್ಲಿ ಲಂಡನ್ನಿನ ವಿಕ್ಟರ್ ಹಾರ್ಸ್ಲಿಯು ಜೇನುಮೇಣಕ್ಕೆ ಬಾದಾಮಿ ಎಣ್ಣೆಯನ್ನೂ ಸ್ಯಾಲಿಸಿಲಿಕ್ ಆಮ್ಲವನ್ನೂ ಬೆರಸಿ, ತಲೆಬುರುಡೆಯ ಎಲುಬಿನ ರಂಧ್ರಗಳಿಗೆ ಅದನ್ನು ಮೆತ್ತಿ ರಕ್ತವನ್ನು ತಡೆಯುವ ಕ್ರಮವನ್ನು ಪ್ರಕಟಿಸಿದನು. ಆ ಮೇಣವು ಸ್ವಲ್ಪ ಮಾರ್ಪಾಡಿನೊಡನೆ ಇಂದಿಗೂ ಬಳಕೆಯಲ್ಲಿದೆ, ಇಂದಿಗೂ ದೇಹದಲ್ಲಿ ಕರಗದೆ ಉಳಿಯುತ್ತದೆ. 1911ರಲ್ಲಿ ಅಮೆರಿಕದ ಹಾರ್ವೆ ಕುಷಿಂಗ್ ಬೆಳ್ಳಿಯ ತಂತಿಯನ್ನು ಬಾಗಿಸಿ ಮಾಡಿದ ಸಣ್ಣ ಕ್ಲಿಪ್ಪುಗಳಿಂದ, ಕಟ್ಟಲಾಗದ ನಾಳಗಳನ್ನು ಹಿಸುಕಿ ಮುಚ್ಚುವ ವಿಧಾನವನ್ನು ತಿಳಿಸಿದನು. ಅದೇ ಪುರುಷನು 1926ರ ಅಕ್ಟೋಬರಿನಲ್ಲಿ, ಭೌತಶಾಸ್ತ್ರ ಬಲ್ಲ ವಿಲಿಯಂ ಬೋವಿಯ ಸಹಾಯದಿಂದ, ಹಿಂದೊಮ್ಮೆ ರಕ್ತಸ್ರಾವಕ್ಕೆ ಅಂಜಿ ಅರ್ಧಕ್ಕೇ ಕೈಬಿಟ್ಟಿದ್ದ ಗೆಡ್ಡೆಯೊಂದನ್ನು ವಿದ್ಯುತ್ತಿನಿಂದ ನಾಳಗಳನ್ನು ಸುಟ್ಟು ಮುಚ್ಚುತ್ತ ಹೊರತೆಗೆದನು. ವಿದ್ಯುತ್ತು ಬಂದ ಮೇಲೂ ಎಲ್ಲ ಸ್ರಾವವನ್ನೂ ಸುಡಲು ಬರುತ್ತಿರಲಿಲ್ಲ. ಕುಳಿಯ ಗೋಡೆಯಿಡೀ ಬೆವರಿನಂತೆ ಒಸರುವ ರಕ್ತಕ್ಕೆ ಬೇರೊಂದು ಉಪಾಯ ಬೇಕಾಗಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಉಪಾಯಗಳು ಸಾಲುಸಾಲಾಗಿ ಒದಗಿದುವು. ಹತ್ತಿಯ ಬಟ್ಟೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಿದರೆ ಅದು ದೇಹದಲ್ಲಿ ಕರಗುವ ಗುಣವನ್ನು ಪಡೆಯುವುದೆಂದು ತಿಳಿದುಬಂದಾಗ, ನ್ಯೂಯಾರ್ಕಿನಲ್ಲಿ ವರ್ಜೀನಿಯಾ ನೀಲೆಂಡ್ ಫ್ರಾಂಟ್ಸ್ ಎಂಬ ವೈದ್ಯೆ ಅದರ ಮೇಲೆ ಪ್ರಯೋಗ ನಡೆಸಿದಳು. ಟ್ರೇಸಿ ಪಟ್ನಮ್ ಅದನ್ನು ಮಿದುಳಿನ ಶಸ್ತ್ರಕ್ರಿಯೆಗೆ ತಂದನು. ಅದರ ಬೆನ್ನಿಗೇ ರಕ್ತದಿಂದಲೇ ತಯಾರಿಸಿದ ಫೈಬ್ರಿನ್ ನೊರೆಯೂ, 1945ರ ಸುಮಾರಿಗೆ ಜೆಲಟಿನ್ನಿನ ಸ್ಪಂಜೂ, ಮುಂದೆ 1970ರ ದಶಕದಲ್ಲಿ ಕೊಲಾಜೆನ್ನಿನ ಸೂಕ್ಷ್ಮತಂತುಗಳೂ ಬಂದುವು. ಇವೆಲ್ಲವುಗಳ ವಾಗ್ದಾನ ಒಂದೇ: ರಕ್ತವನ್ನು ನಿಲ್ಲಿಸುವೆವು, ಬಳಿಕ ತಾವಾಗಿಯೇ ಕರಗಿ ಮಾಯವಾಗುವೆವು. ಜೆಲಟಿನ್ನಿನ ಸ್ಪಂಜಿಗೆ 4ರಿಂದ 6 ವಾರ ಸಾಕೆನ್ನುತ್ತಾರೆ. ಉತ್ಕರ್ಷಿತ ಸೆಲ್ಯುಲೋಸಿಗೆ ಅದಕ್ಕಿಂತಲೂ ಕಡಮೆ. ಬಹುಮಟ್ಟಿಗೆ ಈ ಮಾತು ನಿಜವೂ ಹೌದು. ಆದರೆ ವಸ್ತುವು ಎಷ್ಟು ದಪ್ಪನಾಗಿ ತುಂಬಲ್ಪಟ್ಟಿದೆ, ಅದರ ಸುತ್ತ ರಕ್ತಸಂಚಾರ ಎಷ್ಟಿದೆ ಎಂಬುದರ ಮೇಲೆ ಈ ಲೆಕ್ಕವು ನಿಲ್ಲುವುದರಿಂದ, ವಾರಗಳಲ್ಲಿ ಕರಗಬೇಕಾದುದು ಎಷ್ಟೋ ತಿಂಗಳುಗಳ ತರುವಾಯವೂ ದೈತ್ಯಕೋಶಗಳ ನಡುವೆ ಕುಳಿತಿರುವುದನ್ನು ಕಂಡವರಿದ್ದಾರೆ.

ಹತ್ತಿಯ ಪಟ್ಟಿಯ ಕಥೆ ಬೇರೆ. ಮಿದುಳಿನ ಮೇಲ್ಮೈಯನ್ನು ಕಾಪಾಡಲು, ಜಿನುಗುವ ರಕ್ತವನ್ನು ಹೀರಲು, ವೈದ್ಯರು ಬೆರಳುಗುರಿನಷ್ಟರಿಂದ ಬೆರಳುದ್ದದವರೆಗಿನ ಹತ್ತಿಯ ಚಿಕ್ಕ ಪಟ್ಟಿಗಳನ್ನು ಹಾಸುತ್ತಾರೆ. ಪ್ರತಿಯೊಂದಕ್ಕೂ ಒಂದು ದಾರ, ಪ್ರತಿಯೊಂದರಲ್ಲಿಯೂ ಎಕ್ಸ್-ಕಿರಣಕ್ಕೆ ಕಾಣುವ ಗೆರೆ. ಇವು ಬಿಟ್ಟುಬರುವ ವಸ್ತುಗಳಲ್ಲ. ನರ್ಸು ಅವುಗಳನ್ನು ಮೊದಲೂ ಎಣಿಸುತ್ತಾಳೆ, ಕಡೆಗೂ ಎಣಿಸುತ್ತಾಳೆ. ಎಣಿಕೆ ಸರಿಹೋದ ಮೇಲೂ ಒಂದು ತೊಡಕು ಉಳಿಯುತ್ತದೆ. ಪಟ್ಟಿಯು ಪೂರ್ಣವಾಗಿ ಹೊರಬಂದಿದ್ದರೂ, ಒಣಗಿ ಅಂಟಿಕೊಂಡ ಎಡೆಯಿಂದ ಅದನ್ನು ಎಳೆದಾಗ, ಇಲ್ಲವೆ ಹೀರುಗೊಳವೆಯ ತುದಿ ಅದರ ಮೇಲೆ ಹಲವು ಬಾರಿ ಆಡಿದಾಗ, ಅದರಿಂದ ಉದುರಿದ ನವಿರೆಳೆಗಳು ಮಿದುಳಿನಲ್ಲಿಯೇ ನಿಲ್ಲಬಹುದು. ಎಳೆಯನ್ನು ಎಣಿಸತಕ್ಕ ನರ್ಸು ಲೋಕದಲ್ಲಿ ಎಲ್ಲಿಯೂ ಇಲ್ಲ. ಎಕ್ಸ್-ಕಿರಣಕ್ಕೂ ಅದು ಗೋಚರವಲ್ಲ.

ಹೀಗೆ ಉಳಿದ ಎಳೆಯನ್ನು ದೇಹವು ಹೇಗೆ ಕಾಣುತ್ತದೆಂಬುದನ್ನು ಅರಿಯಬೇಕಾದರೆ ನಾವು 1882ರ ಸಿಸಿಲಿ ದ್ವೀಪಕ್ಕೆ ಹೋಗಬೇಕು. ಅಲ್ಲಿಯ ಮೆಸ್ಸೀನಾ ಪಟ್ಟಣದಲ್ಲಿ ತಂಗಿದ್ದ ರಷ್ಯದ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫನು, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳೊಳಗೆ ಗುಲಾಬಿ ಗಿಡದ ಮುಳ್ಳುಗಳನ್ನು ಚುಚ್ಚಿಟ್ಟು, ಮರುದಿನ ಬೆಳಗಾದಾಗ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಆ ಮರಿಗಳ ಒಡಲಲ್ಲಿ ಅಲೆಯುತ್ತಿದ್ದ ಜೀವಕೋಶಗಳು ನಾಲ್ಕೂ ಕಡೆಯಿಂದ ಹರಿದುಬಂದು ಮುಳ್ಳನ್ನು ಸುತ್ತುಗಟ್ಟಿದ್ದುವು. ರಕ್ತನಾಳಗಳೂ ನರವ್ಯೂಹದ ಆಜ್ಞೆಯೂ ಇಲ್ಲದ ಪ್ರಾಣಿಯಲ್ಲಿ ಉರಿಯೂತದ ಮೂಲವ್ಯಾಪಾರವು ನಡೆದುದನ್ನು ಕಂಡ ಆತನು, ಪರವಸ್ತುವನ್ನು ನುಂಗಿ ಜೀರ್ಣಿಸಿಕೊಳ್ಳುವ ಕೋಶಗಳೇ ದೇಹದ ಕಾವಲುಗಾರರೆಂಬ ಸಿದ್ಧಾಂತವನ್ನು ಕಟ್ಟಿದನು. 1908ರಲ್ಲಿ ಪಾಲ್ ಎರ್ಲಿಕ್ಕನೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡನು. ಬರಿಗಾಲಿನಲ್ಲಿ ಹೊಲಕ್ಕೆ ಹೋಗಿ ಅಂಗಾಲಿಗೆ ಜಾಲಿಮುಳ್ಳು ಮುರಿಸಿಕೊಂಡು, ಅದು ಕೀತು ಹೊರಬರುವುದನ್ನೋ, ಬಾರದೆ ಆಣಿಗಟ್ಟುವುದನ್ನೋ ಕಂಡ ನಮ್ಮ ರೈತನಿಗೆ ಈ ವ್ಯಾಪಾರದ ಎರಡು ಮುಕ್ತಾಯಗಳೂ ಪರಿಚಿತವಾದುವೇ.

ಮುಳ್ಳಿನಂತೆಯೇ ಹತ್ತಿಯೂ. ಪರವಸ್ತುವು ಅಂಗಾಂಶವನ್ನು ಮುಟ್ಟಿದೊಡನೆಯೇ ರಕ್ತದ ಪ್ರೋಟೀನುಗಳು ಅದರ ಮೇಲೆ ತೆಳ್ಳನೆಯ ಲೇಪವಾಗಿ ಕುಳಿತುಕೊಳ್ಳುತ್ತವೆ. ಆ ಲೇಪವನ್ನು ಓದಿಕೊಂಡು ಬಿಳಿಯ ರಕ್ತಕಣಗಳು ಬರುತ್ತವೆ, ಅವುಗಳ ಹಿಂದೆ ಭಕ್ಷಕಕೋಶಗಳು. ಸಣ್ಣ ಕಣವಾದರೆ ಒಂದು ಕೋಶವು ಅದನ್ನು ನುಂಗಿ ಮುಗಿಸುತ್ತದೆ. ಒಂದು ಕೋಶಕ್ಕಿಂತ ಎಷ್ಟೋ ಮಡಿ ಉದ್ದವಾದ ನೂಲಿನೆಳೆಯನ್ನು ಅದು ನುಂಗುವುದೆಂತು? ಆಗ ಹಲವು ಭಕ್ಷಕಕೋಶಗಳು ತಮ್ಮ ತಮ್ಮ ಗೋಡೆಗಳನ್ನು ಕಳೆದುಕೊಂಡು ಒಂದರೊಳಗೊಂದು ಬೆರೆತು, ಹತ್ತಾರು ಬೀಜಗಳುಳ್ಳ ಒಂದೇ ದೈತ್ಯಕೋಶವಾಗಿ ಎಳೆಯನ್ನು ಅಪ್ಪಿಕೊಳ್ಳುತ್ತವೆ. ತಮ್ಮಲ್ಲಿರುವ ಜೀರ್ಣರಸಗಳನ್ನು ಅದರ ಮೇಲೆ ಸುರಿಯುತ್ತವೆ. ಹತ್ತಿಯಾದರೋ ಶುದ್ಧಪ್ರಾಯವಾದ ಸೆಲ್ಯುಲೋಸು. ಸೆಲ್ಯುಲೋಸನ್ನು ಒಡೆಯತಕ್ಕ ಕಿಣ್ವವು ಮನುಷ್ಯನ ಕರುಳಿನಲ್ಲಿಯೂ ಇಲ್ಲ, ಅವನ ಭಕ್ಷಕಕೋಶಗಳಲ್ಲಿಯೂ ಇಲ್ಲ. ಹುಲ್ಲನ್ನು ತಿನ್ನುವ ಹಸುವೂ ತನ್ನ ಹೊಟ್ಟೆಯ ಸೂಕ್ಷ್ಮಜೀವಿಗಳ ನೆರವಿನಿಂದಲೇ ಅದನ್ನು ಅರಗಿಸಿಕೊಳ್ಳುತ್ತದೆ. ಆದಕಾರಣ ದೈತ್ಯಕೋಶವು ತಾನು ಹಿಡಿದುದನ್ನು ಜೀರ್ಣಿಸಲೂ ಆರದೆ ಬಿಡಲೂ ಆರದೆ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಅದು ಹೊರಸೂಸುವ ಸಂಕೇತದ್ರವ್ಯಗಳಿಗೆ ಓಗೊಟ್ಟು ಲಿಂಫೋಸೈಟುಗಳು ಬರುತ್ತವೆ, ಹೊಸ ರಕ್ತನಾಳಗಳು ಚಿಗುರುತ್ತವೆ, ನಾರುಕಟ್ಟು ಬೆಳೆದು ಎಲ್ಲವನ್ನೂ ಸುತ್ತುವರಿಯುತ್ತದೆ. ಎಂ.ಆರ್.ಐ. ಚಿತ್ರದಲ್ಲಿ ಬೆಳಗುವ ಉಂಗುರವೆಂದರೆ ಈ ಬೇಲಿಯೇ.

ಮಿದುಳಿನಲ್ಲಿ ಇಷ್ಟೆಲ್ಲ ನಡೆಯಲಾರದೆಂದು ಬಹುಕಾಲ ನಂಬಿದ್ದವರುಂಟು. 1948ರಲ್ಲಿ ಪೀಟರ್ ಮೆಡವಾರ್ ಎಂಬ ಜೀವವಿಜ್ಞಾನಿಯು ಮೊಲಗಳ ಮಿದುಳಿಗೆ ಬೇರೆ ಮೊಲಗಳ ಚರ್ಮದ ಚೂರನ್ನು ಕಸಿಮಾಡಿ, ಮೈಯ ಇತರ ಭಾಗಗಳಲ್ಲಿ ಬಹುಬೇಗ ತಿರಸ್ಕೃತವಾಗುವ ಆ ಚೂರು ಮಿದುಳಿನಲ್ಲಿ ಬಾಳಿ ಉಳಿಯುವುದನ್ನು ತೋರಿಸಿದನು. ಮಿದುಳು ದೇಹದ ರೋಗರಕ್ಷಣಾವ್ಯವಸ್ಥೆಯ ಕಣ್ಣಿಗೆ ಬೀಳದ ವಿಶೇಷಾಧಿಕಾರದ ಸ್ಥಾನವೆಂಬ ಭಾವನೆಗೆ ಇದರಿಂದ ಪುಷ್ಟಿ ದೊರೆಯಿತು. ಅದೇ ಪ್ರಯೋಗದ ಇನ್ನೊಂದು ಭಾಗವನ್ನು ಮಾತ್ರ ಜನರು ಅಷ್ಟಾಗಿ ನೆನೆಯುವುದಿಲ್ಲ: ಮೊದಲೇ ಮೈಮೇಲೆ ಅಂತಹ ಚರ್ಮವನ್ನು ಕಸಿಮಾಡಿಸಿಕೊಂಡು ಎಚ್ಚೆತ್ತಿದ್ದ ಮೊಲಗಳು ಮಿದುಳಿನೊಳಗಿನ ಚೂರನ್ನೂ ನಾಶಮಾಡಿದುವು. ಸ್ಪೇನಿನ ಪಿಯೊ ದೆಲ್ ರಿಯೊ-ಓರ್ತೆಗಾ 1919ರಷ್ಟು ಹಿಂದೆಯೇ ಮಿದುಳಿಗೆ ಅದರದೇ ಆದ ಭಕ್ಷಕಕೋಶಗಳುಂಟೆಂದು, ಮೈಕ್ರೋಗ್ಲಿಯಾ ಎಂಬ ಅವುಗಳ ರೂಪವನ್ನು ಬಣ್ಣಹಾಕಿ ತೋರಿಸಿಕೊಟ್ಟಿದ್ದನು. 2015ರಲ್ಲಿಯಂತೂ, ಮಿದುಳಿನ ಹೊದಿಕೆಯಲ್ಲಿ ದುಗ್ಧನಾಳಗಳೂ ಇರುವುವೆಂದು ಇಲಿಗಳಲ್ಲಿ ಸ್ಥಾಪಿತವಾಯಿತು. ಅದಿರಲಿ, ಶಸ್ತ್ರಕ್ರಿಯೆಯಲ್ಲಿ ರಕ್ತಕ್ಕೂ ಮಿದುಳಿಗೂ ನಡುವಣ ತಡೆಯೇ ಒಡೆದಿರುವಾಗ, ರಕ್ತದ ಕಾವಲುಗಾರರಿಗೆ ಬಾಗಿಲು ತೆರೆದಂತೆಯೇ ಸರಿ.

ಪ್ರತಿಯೊಂದು ವಸ್ತುವಿಗೂ ದೇಹವು ಒಂದೇ ಬಗೆಯಾಗಿ ಉತ್ತರ ಕೊಡುವುದಿಲ್ಲ. ಚಿನ್ನ, ಪ್ಲಾಟಿನಂ, ಟೈಟೇನಿಯಂಗಳನ್ನು ಮಿದುಳು ಬಹುಮಟ್ಟಿಗೆ ಸಹಿಸಿಕೊಳ್ಳುತ್ತದೆ. ತಾಮ್ರವನ್ನು ಸ್ವಲ್ಪವೂ ಸಹಿಸದು, ಅದರ ಸುತ್ತ ಅಂಗಾಂಶವೇ ಸತ್ತು ಕೊಳೆಯುತ್ತದೆ. ಕೈಗವಸುಗಳು ಕೈಗೆ ಸಲೀಸಾಗಿ ಏರಲೆಂದು ಹಾಕುತ್ತಿದ್ದ ಪುಡಿಯೂ ಗಾಯಗಳಲ್ಲಿ ಉದುರಿ ಇಂತಹುದೇ ಗಂಟುಗಳನ್ನು ಎಬ್ಬಿಸುತ್ತಿದ್ದುದರಿಂದ ಮೊದಲು ಟಾಲ್ಕನ್ನು ಬಿಟ್ಟು ಪಿಷ್ಟವನ್ನು ಹಿಡಿದರು. ಕಡೆಗೆ 2017ರಲ್ಲಿ ಅಮೆರಿಕದ ಸರಕಾರವು ಪುಡಿಹಾಕಿದ ಕೈಗವಸುಗಳನ್ನೇ ನಿಷೇಧಿಸಿತು.

ಇವೆಲ್ಲಕ್ಕಿಂತಲೂ ಕುತೂಹಲಕರವಾದುದು ಎಡಿನ್‌ಬರೊ ನಗರದ ಕಥೆ. ಏಕೆಂದರೆ ಅಲ್ಲಿ ಉರಿಯೂತವು ಶತ್ರುವಾಗಿ ಬಂದುದಲ್ಲ, ಕರೆಸಿಕೊಂಡ ಅತಿಥಿಯಾಗಿ ಬಂದುದು. ಮಿದುಳಿನ ರಕ್ತನಾಳದ ಗೋಡೆಯು ಒಂದೆಡೆ ತೆಳುವಾಗಿ ಗುಳ್ಳೆಯಂತೆ ಉಬ್ಬುವುದುಂಟು. ಅದು ಒಡೆದರೆ ಹಠಾತ್ತಾದ ಸಾವು, ಸಾಯದವನಿಗೆ ಮತ್ತೆ ಒಡೆಯುವ ಭಯ. 1931ರಲ್ಲಿ ಅಲ್ಲಿಯ ನಾರ್ಮನ್ ಡಾಟ್ ಎಂಬ ಶಸ್ತ್ರವೈದ್ಯನು, ಹೀಗೆ ಮತ್ತೆ ಮತ್ತೆ ರಕ್ತಸ್ರಾವಕ್ಕೆ ತುತ್ತಾಗಿದ್ದ ರೋಗಿಯೊಬ್ಬನ ತಲೆಯನ್ನು ತೆರೆದು, ಕಣ್ಣೆದುರಿಗೇ ಗುಳ್ಳೆಯು ಒಡೆದು ರಕ್ತ ಚಿಮ್ಮಿದಾಗ, ರೋಗಿಯ ತೊಡೆಯಿಂದ ತೆಗೆಸಿದ ಮಾಂಸಖಂಡದ ಚೂರುಗಳನ್ನು ಅದರ ಮೇಲೆ ಒತ್ತಿ ಹಿಡಿದು, ಆ ನಾಳವನ್ನು ಸುತ್ತಿ ಬಲಪಡಿಸಿದನು. ರೋಗಿಯು ಬದುಕಿಕೊಂಡನು. ಡಾಟನು ಕುಷಿಂಗನ ಬಳಿ ಕಲಿತವನೆಂಬುದನ್ನು ಇಲ್ಲಿ ನೆನೆಯಬೇಕು. ರಕ್ತವನ್ನು ಮಾಂಸದ ಚೂರಿನಿಂದ ನಿಲ್ಲಿಸುವ ಪಾಠ ಆ ಪಾಠಶಾಲೆಯದು. ಗುಳ್ಳೆಯ ಕತ್ತನ್ನೇ ಕ್ಲಿಪ್ಪಿನಿಂದ ಮುಚ್ಚುವ ಕ್ರಮವನ್ನು ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿಯು 1937ರಲ್ಲಿ ತೋರಿಸಿಕೊಟ್ಟನಾದರೂ, ಎಲ್ಲ ಗುಳ್ಳೆಗಳಿಗೂ ಕ್ಲಿಪ್ಪಿಗೆ ಒಗ್ಗುವ ಕತ್ತು ಇರುವುದಿಲ್ಲವಾದುದರಿಂದ, ಸುತ್ತಿ ಬಲಪಡಿಸುವ ವಿದ್ಯೆಯೂ ಮುಂದುವರಿಯಿತು.

ಮಾಂಸದ ಚೂರು ಕ್ರಮೇಣ ಕರಗಿಹೋಗುತ್ತದೆ. ಡಾಟನ ಸಹೋದ್ಯೋಗಿಯಾಗಿ ಮುಂದೆ ಅವನ ಪೀಠವನ್ನೇರಿದ ಜಾನ್ ಗಿಲ್ಲಿಂಗಮ್, 1958ರಲ್ಲಿ ಮಸ್ಲಿನ್ ಬಟ್ಟೆಯಿಂದ ಗುಳ್ಳೆಯನ್ನು ಸುತ್ತುವ ಕ್ರಮವನ್ನು ಪ್ರಚುರಪಡಿಸಿದನು. ಒಂದು ಕಾಲದಲ್ಲಿ ಢಾಕಾದ ನೇಕಾರರ ಕೈಚಳಕದಿಂದ ಲೋಕಪ್ರಸಿದ್ಧವಾಗಿದ್ದ ತೆಳುವಾದ ಹತ್ತಿಬಟ್ಟೆಯ ಹೆಸರು ಹೀಗೆ ಮಿದುಳಿನ ನಾಳಗಳವರೆಗೂ ಪಯಣ ಮಾಡಿತು. ಮಸ್ಲಿನ್ನನ್ನು ಆರಿಸಿದುದು ಅದು ನಿರುಪದ್ರವಿಯೆಂದಲ್ಲ, ಉಪದ್ರವಿಯೆಂದೇ: ಹತ್ತಿಯ ಸುತ್ತ ದೇಹವು ಬಲವಾದ ನಾರುಕಟ್ಟನ್ನು ಕಟ್ಟುವುದು ನಿಶ್ಚಯವಾದುದರಿಂದ, ಆ ನಾರುಕಟ್ಟೇ ದುರ್ಬಲವಾದ ನಾಳಕ್ಕೆ ಎರಡನೆಯ ಗೋಡೆಯಾಗಲೆಂಬುದು ಎಣಿಕೆ. ಮೆಸ್ಸೀನಾದಲ್ಲಿ ಮುಳ್ಳನ್ನು ಮುತ್ತಿದ ಕೋಶಗಳನ್ನು ಇಲ್ಲಿ ಗಾರೆಯ ಕೆಲಸಕ್ಕೆ ಹಚ್ಚಿದರು. ಇಂತಹ ಬುದ್ಧಿವಂತಿಕೆಯನ್ನು ನಾನು ಮೆಚ್ಚದಿರಲಾರೆ. ಎಷ್ಟೋ ಮಂದಿ ಅದರಿಂದ ಬದುಕಿದರು.

ಆದರೆ ಗಾರೆಯವರಿಗೆ ಎಲ್ಲಿ ನಿಲ್ಲಬೇಕೆಂಬುದನ್ನು ಹೇಳಿದವರಿರಲಿಲ್ಲ. ಮಿದುಳಿನ ತಳಭಾಗದಲ್ಲಿ ಮುಂದುಗಡೆಯ ನಾಳಗಳು ಕೂಡುವ ಎಡೆಯಲ್ಲಿ ಇಂತಹ ಗುಳ್ಳೆಗಳು ಹೆಚ್ಚು. ಎರಡು ಕಣ್ಣುಗಳಿಂದ ಬರುವ ದೃಷ್ಟಿನರಗಳು ಒಂದನ್ನೊಂದು ದಾಟುವುದೂ ಅದರ ಪಕ್ಕದಲ್ಲಿಯೇ. ಶಸ್ತ್ರಕ್ರಿಯೆಯಿಂದ ಚೆನ್ನಾಗಿ ಚೇತರಿಸಿಕೊಂಡಿದ್ದ ಕೆಲವರಿಗೆ ತಿಂಗಳುಗಳ, ಮತ್ತೆ ಕೆಲವರಿಗೆ ವರ್ಷಗಳ ಬಳಿಕ ಕಣ್ಣು ಮಂಜಾಗತೊಡಗಿತು. 1970ರ, 80ರ ದಶಕಗಳಲ್ಲಿ ಇಂತಹ ವರದಿಗಳು ಒಂದೊಂದಾಗಿ ಬಂದುವು. ಬಟ್ಟೆಯ ಸುತ್ತ ಬೆಳೆದ ನಾರುಕಟ್ಟು ಹಬ್ಬಿ ದೃಷ್ಟಿನರಗಳನ್ನೂ ಅವುಗಳ ಸಣ್ಣ ರಕ್ತನಾಳಗಳನ್ನೂ ಬಿಗಿದಿತ್ತು. ಇಂತಹ ಗಂಟಿಗೇ ಮಸ್ಲಿನೋಮಾ ಎಂಬ ಹೆಸರು ಬಂದುದು. ಸ್ಟೀರಾಯ್ಡುಗಳಿಂದ ಕೆಲವರಿಗೆ ಬೆಳಕು ಮರಳಿತು. ಕೆಲವರ ನರವನ್ನು ಮತ್ತೆ ಶಸ್ತ್ರಕ್ರಿಯೆಮಾಡಿ ಬಿಡಿಸಬೇಕಾಯಿತು. ಹೋದ ದೃಷ್ಟಿ ಬಾರದೆಯೇ ಉಳಿದವರೂ ಇದ್ದರು. ಆ ಹೊತ್ತಿಗೆ ಕ್ಲಿಪ್ಪುಗಳು ಬಹಳ ಸುಧಾರಿಸಿದ್ದುವು. 1991ರಲ್ಲಿ ಗ್ವಿಡೊ ಗುಲ್ಯೆಲ್ಮಿಯು ರಕ್ತನಾಳದ ಒಳಗಿನಿಂದಲೇ ಗುಳ್ಳೆಯನ್ನು ಪ್ಲಾಟಿನಂ ಸುರುಳಿಯಿಂದ ತುಂಬುವ ಕ್ರಮವನ್ನು ಪ್ರಕಟಿಸಿದ ಮೇಲೆ ಬಟ್ಟೆ ಸುತ್ತುವ ಪ್ರಸಂಗಗಳು ವಿರಳವಾದುವು, ಇಲ್ಲದಂತಾಗಲಿಲ್ಲ. ಆ ಒಳದಾರಿಯ ಚಿಕಿತ್ಸೆಗೂ ಇದರ ಕಾಟ ತಪ್ಪಿದುದಲ್ಲ: ನಾಳದಲ್ಲಿ ನುಣ್ಣಗೆ ಜಾರಲೆಂದು ಕೊಳವೆಗಳಿಗೆ ಹಚ್ಚುವ ಪಾಲಿಮರ್ ಲೇಪದ ಕಣಗಳು ಕಳಚಿ ರಕ್ತದೊಡನೆ ತೇಲಿಹೋಗಿ, ಮಿದುಳಿನ ದೂರದ ಮೂಲೆಗಳಲ್ಲಿ ಸಣ್ಣ ಗಂಟುಗಳನ್ನು ಎಬ್ಬಿಸುವುದು ಈಚಿನ ವರ್ಷಗಳಲ್ಲಿ ಗುರುತಿಗೆ ಬಂದಿದೆ.

ಇನ್ನು ರೋಗನಿರ್ಣಯದ ಮಾತು. ಬೆಳಗುವ ಉಂಗುರವನ್ನು ಕಂಡ ಕ್ಷಕಿರಣತಜ್ಞನ ಮುಂದೆ ಹಲವು ಸಾಧ್ಯತೆಗಳು ನಿಲ್ಲುತ್ತವೆ. ಅದು ಮರುಕಳಿಸಿದ ಗೆಡ್ಡೆಯಾಗಿರಬಹುದು, ಕೀವುತುಂಬಿದ ಬಾವಾಗಿರಬಹುದು, ವಿಕಿರಣಚಿಕಿತ್ಸೆಯಿಂದ ಸತ್ತ ಅಂಗಾಂಶವಾಗಿರಬಹುದು. ಭಾರತದ ವೈದ್ಯನಿಗೆ ಈ ಪಟ್ಟಿ ಇನ್ನೂ ಉದ್ದ, ಏಕೆಂದರೆ ಬೆಂಗಳೂರಿನ ನಿಮ್ಹಾನ್ಸ್ ಮೊದಲಾದ ನಮ್ಮ ಆಸ್ಪತ್ರೆಗಳಲ್ಲಿ ಕ್ಷಯದ ಗಂಟೂ, ಲಾಡಿಹುಳುವಿನ ಮರಿಯ ಗಂಟೂ ನಿತ್ಯದ ಅತಿಥಿಗಳು. ಇವೆರಡರ ನಡುವೆಯೇ ನಮ್ಮವರು ಹಿಂದೊಮ್ಮೆ ದಾರಿತಪ್ಪಿದ್ದರು. ಮೂರ್ಛೆರೋಗಿಗಳ ಮಿದುಳಿನಲ್ಲಿ ಕಾಣುತ್ತಿದ್ದ ಒಂಟಿಯಾದ ಸಣ್ಣ ಉಂಗುರಗಳನ್ನು ಕ್ಷಯವೆಂದೇ ಬಗೆದು ಅನೇಕರಿಗೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆಗಳನ್ನು ನುಂಗಿಸುತ್ತಿದ್ದ ಕಾಲದಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೇದಾಂತಂ ರಾಜಶೇಖರ್ ಮತ್ತು ಅವರ ಸಂಗಡಿಗರು, 1990ರ ಆಸುಪಾಸಿನಲ್ಲಿ, ಅವುಗಳಲ್ಲಿ ಬಹುಪಾಲು ಸಾಯುತ್ತಿರುವ ಲಾಡಿಹುಳುವಿನ ಮರಿಗೆ ದೇಹವು ತೋರಿದ ಪ್ರತಿಕ್ರಿಯೆಯೆಂದು ಅಂಗಾಂಶ ಪರೀಕ್ಷೆಯಿಂದಲೇ ತೋರಿಸಿಕೊಟ್ಟರು. ಒಳಗೆ ಕುಳಿತಿರುವುದು ಹುಳುವೋ, ಕ್ಷಯದ ಕ್ರಿಮಿಯೋ, ನೂಲಿನೆಳೆಯೋ ಎಂಬುದು ಬೇಲಿಯನ್ನು ಮಾತ್ರ ನೋಡುವ ಯಂತ್ರಕ್ಕೆ ತಿಳಿಯಲಾರದು.

ಸೂಕ್ಷ್ಮದರ್ಶಕಕ್ಕೆ ತಿಳಿಯುತ್ತದೆ. ಕ್ಷಯದ ಗಂಟಿನ ನಡುವೆ ಗಿಣ್ಣಿನಂತೆ ಕೊಳೆತ ಭಾಗವಿರುತ್ತದೆ, ಅದರ ದೈತ್ಯಕೋಶಗಳಲ್ಲಿ ಬೀಜಗಳು ಅಂಚಿನ ಉದ್ದಕ್ಕೂ ಲಾಳದಾಕಾರವಾಗಿ ನಿಂತಿರುತ್ತವೆ. ಪರವಸ್ತುವಿನ ದೈತ್ಯಕೋಶಗಳಲ್ಲಿ ಅವು ಚೆಲ್ಲಾಪಿಲ್ಲಿಯಾಗಿರುವುದೇ ಸಾಮಾನ್ಯ. ಈ ಭೇದವೂ ಸಂಪೂರ್ಣವಾಗಿ ನೆಚ್ಚತಕ್ಕುದಲ್ಲ. ಆಗ ರೋಗಲಕ್ಷಣಶಾಸ್ತ್ರಜ್ಞನು ಧ್ರುವೀಕೃತ ಬೆಳಕನ್ನು ಹಾಯಿಸಿ ನೋಡುತ್ತಾನೆ; ಸುತ್ತಣ ಕೋಶಗಳೆಲ್ಲ ಕತ್ತಲೆಯಲ್ಲಿ ಮುಳುಗಿದಾಗ ಹತ್ತಿಯ ತಿರುಚಿದ ಎಳೆಯೊಂದು ಮಾತ್ರ ಬೆಳ್ಳಗೆ ಉರಿಯುತ್ತದೆ. ಕೊಲಾಜೆನ್ನಿನ ತಂತುಗಳಿದ್ದೆಡೆ ಈಯೊಸಿನೊಫಿಲ್ ಎಂಬ ಕೆಂಬಣ್ಣದ ಕಣಗಳ ಗುಂಪು ನೆರೆದಿರುವುದುಂಟು. ಇಷ್ಟಾದರೂ ಅವಸರದ ತೀರ್ಪು ಸಲ್ಲದು: ಗೆಡ್ಡೆಯ ಶೇಷವೂ ಹತ್ತಿಯ ಎಳೆಯೂ ಒಂದೇ ಕುಳಿಯಲ್ಲಿ ಅಕ್ಕಪಕ್ಕ ಇರಬಹುದು; ಎಳೆಯ ಜತೆಗೆ ಸೋಂಕೂ ಸೇರಿರಬಹುದು. ಎಳೆ ಸಿಕ್ಕಿತೆಂದು ಹಿಗ್ಗಿ ಹುಡುಕಾಟವನ್ನು ನಿಲ್ಲಿಸಿದ ವೈದ್ಯನು, ಗೆಡ್ಡೆಯೆಂದು ಹೆದರಿ ಪರೀಕ್ಷೆಯಿಲ್ಲದೆ ವಿಕಿರಣಚಿಕಿತ್ಸೆಗೆ ಕಳುಹಿದ ವೈದ್ಯನಷ್ಟೇ ತಪ್ಪಿತಸ್ಥನಾಗುತ್ತಾನೆ.

ಹಾಗಾದರೆ ರಕ್ತವನ್ನು ನಿಲ್ಲಿಸುವ ಇಂತಹ ವಸ್ತುಗಳನ್ನು ಬಳಸುವುದನ್ನೇ ಬಿಡಬಾರದೆ ಎಂದು ಕೇಳುವವರಿದ್ದಾರೆ. ರಕ್ತವು ನಿಂತ ಮೇಲೆ ಆದಷ್ಟನ್ನು ಮೆಲ್ಲನೆ ತೊಳೆದು ತೆಗೆಯಬೇಕೆಂದು ತಯಾರಕರೇ ಹೇಳುತ್ತಾರೆ. ಎಲುಬಿನ ಇಕ್ಕಟ್ಟಿನೊಳಗೆ, ನರಗಳ ಪಕ್ಕದಲ್ಲಿ ಬಿಟ್ಟ ಇಂತಹ ಪದಾರ್ಥವು ದ್ರವವನ್ನು ಹೀರಿ ಉಬ್ಬಿ ಪಾರ್ಶ್ವವಾಯುವನ್ನು ಉಂಟುಮಾಡಿದ ಪ್ರಸಂಗಗಳನ್ನು ಕಂಡು ಅಮೆರಿಕದ ಔಷಧನಿಯಂತ್ರಣ ಸಂಸ್ಥೆಯು 2004ರಲ್ಲಿ ವೈದ್ಯರಿಗೆ ಎಚ್ಚರಿಕೆಯನ್ನೂ ಕೊಟ್ಟಿತು. ಆದರೆ ನಿಂತ ರಕ್ತದ ಮೇಲಣ ಪೊರೆಯನ್ನು ಕಿತ್ತರೆ ರಕ್ತವು ಮತ್ತೆ ಹರಿಯಬಹುದು. ಈ ರಾತ್ರಿಯ ರಕ್ತಸ್ರಾವವು ಕೊಲ್ಲಬಲ್ಲುದು. ಮುಂದಿನ ವರ್ಷದ ಗಂಟು ಬಹಳ ವಿರಳ, ಬಂದರೂ ಬಹುಮಟ್ಟಿಗೆ ತೆಗೆಯಬಹುದಾದುದು. ಈ ಎರಡರ ನಡುವೆ, ತೆರೆದ ತಲೆಯ ಮುಂದೆ ನಿಂತ ವೈದ್ಯನು ತೆಳ್ಳನೆಯ ಒಂದು ಪದರವನ್ನು ಬಿಟ್ಟುಬಂದರೆ ಅವನನ್ನು ದೂಷಿಸಲು ನನಗೆ ಮನಸ್ಸು ಬಾರದು.

ದೂಷಿಸಬೇಕಾದುದು ಬೇರೊಂದಿದೆ. ಶಸ್ತ್ರಕ್ರಿಯೆಯ ವರದಿಯಲ್ಲಿ ರಕ್ತವನ್ನು ನಿಲ್ಲಿಸಿದ ಪ್ರಕರಣವು ಎಷ್ಟೋ ವೇಳೆ ಒಂದೇ ಸಾಲಿನಲ್ಲಿ ಮುಗಿದುಹೋಗಿರುತ್ತದೆ: ರಕ್ತಸ್ರಾವವನ್ನು ಹತೋಟಿಗೆ ತರಲಾಯಿತು, ಗಾಯವನ್ನು ಹೊಲಿಯಲಾಯಿತು. ಯಾವ ಪದಾರ್ಥದಿಂದ, ಎಷ್ಟನ್ನು ಎಲ್ಲಿ ಉಳಿಸಿ ಎಂಬುದಿಲ್ಲ. ಗೆಡ್ಡೆ ತೆಗೆದ ಎರಡು ಮೂರು ದಿನಗಳೊಳಗೇ ಒಂದು ಎಂ.ಆರ್.ಐ. ತೆಗೆದಿಟ್ಟುಕೊಳ್ಳುವ ಪದ್ಧತಿ ದೊಡ್ಡ ಆಸ್ಪತ್ರೆಗಳಲ್ಲಿ ಬಂದಿದೆ. ಆಗ ಕುಳಿಯ ಅಂಚು ಹೇಗಿತ್ತೆಂಬುದು ತಿಳಿದಿದ್ದರೆ, ಆರು ತಿಂಗಳ ಮೇಲೆ ಅಲ್ಲಿ ಮೂಡಿದ ಉಂಗುರವನ್ನು ಅದರೊಡನೆ ಹೋಲಿಸಿ ನೋಡಬಹುದು. ಆ ಚಿತ್ರದ ಪಕ್ಕದಲ್ಲಿ ಪದಾರ್ಥದ ಹೆಸರೂ ಸ್ಥಳವೂ ಬರೆದಿದ್ದರೆ, ಆ ಊರಿನಲ್ಲಲ್ಲದೆ ಮತ್ತೊಂದು ಊರಿನಲ್ಲಿ ಕುಳಿತು ನೋಡುವ ಕ್ಷಕಿರಣತಜ್ಞನೂ ತನ್ನ ಪಟ್ಟಿಯಲ್ಲಿ ಗೆಡ್ಡೆಯ ಜತೆಗೆ ಇನ್ನೊಂದು ಸಾಧ್ಯತೆಯನ್ನು ಸೇರಿಸಿಯಾನು. ವೈದ್ಯನು ಬುರುಡೆಯನ್ನು ಪೂರ್ತಿ ತೆರೆಯುವ ಮುನ್ನ ಸೂಜಿಯಿಂದ ಅಂಗಾಂಶದ ಚೂರನ್ನು ತೆಗೆದು ನೋಡಿಯಾನು. ಗಂಟು ಸಣ್ಣದಾಗಿ ಸುಮ್ಮನಿದ್ದರೆ ಸ್ಟೀರಾಯ್ಡು ಕೊಟ್ಟು ಕಾಯಲೂಬಹುದು. 2001ರ ವರದಿಯಲ್ಲಿನ ಮೂವರ ಗಂಟುಗಳು ಏನೆಂಬುದು ತಿಳಿದುಬಂದುದು ಅವು ಗಾಜಿನ ಪಟ್ಟಿಯ ಮೇಲೆ ಬಂದ ತರುವಾಯವೇ.